ಮಾತು ಕೊಟ್ಟ ಮಗ, ಮಾತು ಬಿಟ್ಟ ಅಪ್ಪ

ಹೆಸರು, ಊರು, ಕಾಲೇಜು ಯಾವುದೂ ಇಲ್ಲಿ ಬರಲ್ಲ, ಗುರುತು ಸಿಗೋ ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ, ಮನೆಯ ಮೂರೂ ಜನ ಓದಿ ಸರಿ ಅಂದ್ಮೇಲೇ ಇದನ್ನ ಬರೀತಿರೋದು.

ನಾನು ಟೆಕ್ಸಸ್‌ನಲ್ಲಿ ಕೌನ್ಸೆಲರ್. ಇಲ್ಲಿನ ಕನ್ನಡದ ಮನೆಗಳಿಂದ ಫೋನ್ ಬರೋದು ಹೆಚ್ಚಾಗಿ ಮಾರ್ಕ್ಸು, ಮೊಬೈಲು, ಅತ್ತೆ ಮಾವ ಆರು ತಿಂಗಳಿಗೆ ಬಂದಿದಾರೆ ಅನ್ನೋ ಥರದ್ದಕ್ಕೆ. 2025ರ ನವೆಂಬರ್ ಮೊದಲ ವಾರ ಒಬ್ರು ತಾಯಿ ಫೋನ್ ಮಾಡಿ "ಮೇಡಂ, ನಮ್ಮನೇಲಿ ಅಪ್ಪ ಮಗ ಮಾತು ಬಿಟ್ಟು ಒಂಬತ್ತು ದಿನ ಆಯ್ತು, ಒಂದೇ ಟೇಬಲ್‌ಗೆ ಊಟಕ್ಕೆ ಕೂತ್ಕೊಂಡು 'ನಿನ್ ಮಗನಿಗೆ ಸಾರು ಬೇಕಾ ಕೇಳು' ಅಂತಾರೆ, ನಾನೇನು ಪೋಸ್ಟ್‌ಮ್ಯಾನಾ" ಅಂದ್ರು. ಏನಕ್ಕೆ ಜಗಳ ಅಂದೆ. ಫುಟ್‌ಬಾಲ್ ಅಂದ್ರು.

ಇಲ್ಲಿ ಫುಟ್‌ಬಾಲ್ ಅಂದ್ರೆ ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಆಟ, ಟೆಕ್ಸಸ್‌ನಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲ್ ಮ್ಯಾಚ್ ಅಂದ್ರೆ ಜಾತ್ರೆ. ನಮ್ಮ ಹುಡುಗ 17 ವರ್ಷದವನು, ಚಿಕ್ಕಂದಿನಿಂದ ಸಾಕರ್ ಆಡ್ತಿದ್ದ, ಒಂಬತ್ತನೇ ಕ್ಲಾಸಲ್ಲಿ ಫುಟ್‌ಬಾಲ್ ಕೋಚ್ ಇವನ ಕಾಲು ನೋಡಿ ಕರ್ಕೊಂಡು ಹೋಗಿ ಕಿಕ್ಕರ್ ಮಾಡಿದ್ರು. ಕಿಕ್ಕರ್ ಇಡೀ ಮ್ಯಾಚಲ್ಲಿ ಬೆರಳೆಣಿಕೆಯಷ್ಟು ಸಲ ಒಳಗೆ ಹೋಗೋದು, ಕಂಬಗಳ ಮಧ್ಯೆ ಒದ್ದರೆ 3 ಪಾಯಿಂಟು ಇಲ್ಲಾ 1, ತಪ್ಪಿದ್ರೆ ಇಡೀ ಊರು ಇವನನ್ನೇ ನೋಡುತ್ತೆ.

ಜೂನ್‌ನಲ್ಲಿ ಪಕ್ಕದ ರಾಜ್ಯದ ಒಂದು ಚಿಕ್ಕ ಕಾಲೇಜು, ಎಫ್‌ಸಿಎಸ್ ಅಂದ್ರೆ ಕಾಲೇಜು ಫುಟ್‌ಬಾಲ್‌ನ ಎರಡನೇ ಮಟ್ಟದ್ದು, ಅರ್ಧ ಸ್ಕಾಲರ್‌ಶಿಪ್ ಕೊಡ್ತೀವಿ ಬಾ ಅಂತು. ಇವನು ಫೋನಲ್ಲೇ ಹೂಂ ಅಂದ. ಇದಕ್ಕೆ ಇಲ್ಲಿ ಕಮಿಟ್ ಆಗೋದು ಅಂತಾರೆ. ಅಪ್ಪ ಆ ಕಾಲೇಜಿನ ಬಣ್ಣದ ಕೇಕ್ ಮಾಡಿಸಿ, ಮೂರು ಜನಕ್ಕೂ ಹುಡೀ (ಟೋಪಿ ಇರೋ ಸ್ವೆಟರ್) ತಂದು, ಹಾಸನದಲ್ಲಿರೋ ಅವರಣ್ಣನಿಗೆ ವಿಡಿಯೋ ಕಾಲ್ ಮಾಡಿ ಸ್ಕಾಲರ್‌ಶಿಪ್ ಸಿಕ್ತು ಅಂತ ಹೇಳಿ (ಅರ್ಧ ಅನ್ನೋ ಪದ ಹಾಸನ ಮುಟ್ಟೋಷ್ಟರಲ್ಲಿ ಎಲ್ಲೋ ಬಿದ್ದುಹೋಗಿತ್ತು) ಎಲ್ಲಾ ಆಯ್ತು. ಅಕ್ಟೋಬರ್ ಕೊನೇಲಿ ಟೆಕ್ಸಸ್‌ನದೇ ಒಂದು ದೊಡ್ಡ ಯೂನಿವರ್ಸಿಟಿ ಕೋಚ್ ಫೋನ್ ಮಾಡಿ, ಸ್ಕಾಲರ್‌ಶಿಪ್ ಇಲ್ಲ, ಆದ್ರೆ ಟೀಮಲ್ಲಿ ಜಾಗ ಇದೆ, ಬರ್ತೀಯಾ ಅಂದ್ರು. ಇದು ಪ್ರಿಫರ್ಡ್ ವಾಕ್-ಆನ್. ಹುಡುಗನ ತಲೆ ಕೆಟ್ಟಿತು. ಮನೇಲಿ ಹೇಳಿದ. ಅಪ್ಪ ಒಂದೇ ಮಾತು, "ತಾಂಬೂಲ ಬದಲಾಯಿಸಿದ ಮೇಲೆ ಹುಡುಗಿ ಒಲ್ಲೆ ಅಂದಹಾಗೆ ಆಯ್ತು ಇದು, ನಮ್ಮ ಮನೆತನದಲ್ಲಿ ಇಂಥಾದ್ದಿಲ್ಲ." ಆಮೇಲೆ ಮೌನ.

ಮೊದಲ ಸೆಷನ್ ನಾನೇ ಕೆಡಿಸಿದೆ. ಹುಡುಗ ಆನ್‌ಲೈನಲ್ಲಿ ಬಂದ, ಹೇಳ್ಕೊಂಡ, ನಾನು ಹಿಂದೆಮುಂದೆ ನೋಡ್ದೆ "ಚಿಕ್ಕ ಕಾಲೇಜಿನ ಕೋಚ್‌ಗೆ ಯಾಕೋ ಇನ್ನೂ ಹೇಳಿಲ್ಲ" ಅಂದ್ಬಿಟ್ಟೆ. ಕ್ಯಾಮೆರಾ ಆಫ್ ಆಯ್ತು, ಕೊನೆಯ ಇಪ್ಪತ್ತು ನಿಮಿಷ ಕಪ್ಪು ಡಬ್ಬಿ ಜೊತೆ ಮಾತಾಡಿದೆ. ಅಪ್ಪನ ಧ್ವನೀಲೇ ಮಾತಾಡಿದ್ದೆ ಅಂತ ಆಮೇಲೆ ಹೊಳೀತು. ಅದೂ ಅಲ್ದೆ ಕಮಿಟ್ ಅಂದ್ರೆ ಸಹಿ ಹಾಕಿದ ಅಗ್ರಿಮೆಂಟು ಅಂತಲೇ ಅಂದ್ಕೊಂಡಿದ್ದೆ, ಕ್ರಿಕೆಟ್ ಬಿಟ್ಟು ಬೇರೆ ಗೊತ್ತಿಲ್ದಿರೋಳು ನಾನು, ಒಂದು ರಾತ್ರಿ ಕೂತು ಓದಿದೆ.

ಬಾಯಿಮಾತಿನ ಕಮಿಟ್‌ಗೆ ಇಬ್ರ ಕಡೆಯಿಂದಲೂ ಕಟ್ಟುಪಾಡಿಲ್ಲ. ಕೋಚ್ ಕೂಡ ಇನ್ನೂ ಚೆನ್ನಾಗಿ ಆಡೋ ಹುಡುಗ ಸಿಕ್ರೆ ಆಫರ್ ವಾಪಸ್ ತಗೋಬಹುದು, ತಗೋತಾರೆ. 1964ರಿಂದ ಲೆಟರ್ ಆಫ್ ಇಂಟೆಂಟ್ ಅಂತ, ಈ ಕಾಲೇಜಿಗೇ ಬರ್ತೀನಿ ಅಂತ ಹುಡುಗ ಸಹಿ ಹಾಕೋ ಒಂದು ಕಾಗದ ಇತ್ತು, 2024ರ ಅಕ್ಟೋಬರ್‌ನಲ್ಲಿ ಎನ್‌ಸಿಎಎ (ಇಲ್ಲಿ ಕಾಲೇಜು ಆಟಗಳನ್ನ ನಡೆಸೋ ಸಂಸ್ಥೆ) ಅದನ್ನೂ ತೆಗೆದುಹಾಕ್ತು, ಈಗ ಹಣಕಾಸಿನ ಒಪ್ಪಂದಕ್ಕೇ ಸಹಿ, ಫುಟ್‌ಬಾಲ್‌ಗೆ ಅದು 2025ರಲ್ಲಿ ಡಿಸೆಂಬರ್ 3ರಿಂದ ಶುರು. ಅಂದ್ರೆ ನಮ್ಮ ಕೈಲಿದ್ದಿದ್ದು ಒಂದು ತಿಂಗಳೂ ಅಲ್ಲ. ಇನ್ನೊಂದು ವಿಷಯ ಅಪ್ಪನಿಗೂ ಗೊತ್ತಿರಲಿಲ್ಲ. ಮೊದಲೆಲ್ಲ ದೊಡ್ಡ ಟೀಮುಗಳು 85 ಸ್ಕಾಲರ್‌ಶಿಪ್ ಕೊಟ್ಟು ಅದರ ಮೇಲೆ ವಾಕ್-ಆನ್ ಹುಡುಗರನ್ನ ತುಂಬ್ಕೊಳ್ತಿದ್ವು, 120 ದಾಟಿದ್ರೂ ಕೇಳೋರಿಲ್ಲ. ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಕೇಸಲ್ಲಿ 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಸೆಟಲ್‌ಮೆಂಟ್ ಆದ್ಮೇಲೆ ಅದಕ್ಕೆ ಒಪ್ಕೊಂಡ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಲೆಕ್ಕ ಹೋಯ್ತು, ಬದಲಿಗೆ ಒಟ್ಟು ತಂಡವೇ 105. ವಾಕ್-ಆನ್ ಹುಡುಗನೂ ಆ 105ರಲ್ಲೇ ಕೂರಬೇಕು. ಮೇಲಿಂದ 2018ರಲ್ಲಿ ಶುರುವಾದ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಾಯಿಸ್ತೀನಿ ಅನ್ನೋ ಆಟಗಾರರು ಹೆಸರು ಹಾಕೋ ಪಟ್ಟಿ), 2021ರಿಂದ ಒಂದು ವರ್ಷ ಆಟ ಬಿಟ್ಟು ಕೂರದೇ ಕಾಲೇಜು ಬದಲಾಯಿಸೋಕೆ ಅವಕಾಶ, ಹಾಗಾಗಿ ಹೈಸ್ಕೂಲ್ ಹುಡುಗನ ಬದಲು ಬೇರೆ ಕಾಲೇಜಲ್ಲಿ ಪಳಗಿದವನನ್ನೇ ತರಿಸ್ಕೊಳ್ಳೋಣ ಅನ್ನೋ ಕೋಚ್‌ಗಳು ಎಷ್ಟೋ ಜನ. ಚಿಕ್ಕ ಕಾಲೇಜಿಗೆ ಇದರಲ್ಲಿ ಎರಡು ಕಡೆ ಏಟು, ಬರ್ತೀನಿ ಅಂದ ಹುಡುಗ ಬರೋ ಮುಂಚೇನೇ ಕೈಕೊಡ್ತಾನೆ, ಬಂದು ಚೆನ್ನಾಗಿ ಆಡೋದು ಕಲಿತವನನ್ನ ದೊಡ್ಡವರು ಎಳ್ಕೊಂಡು ಹೋಗ್ತಾರೆ.

ಎರಡನೇ ಸೆಷನ್‌ನಲ್ಲಿ ನಾನು ಸಾರಿ ಕೇಳಿದೆ. ಆಗ ಹುಡುಗ ಫೋನ್ ತಿರುಗಿಸಿ ಮೆಸೇಜ್ ತೋರಿಸಿದ. ಚಿಕ್ಕ ಕಾಲೇಜಿನ ಕೋಚ್ ಪ್ರತಿ ಶುಕ್ರವಾರ ಮ್ಯಾಚಿಗೆ ಮುಂಚೆ ಆಲ್ ದಿ ಬೆಸ್ಟ್ ಕಳಿಸ್ತಿದ್ರು, ಒಂದು ವಾರವೂ ತಪ್ಪಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇವನು ಉದ್ದುದ್ದ ಉತ್ತರ ಬರ್ದಿದಾನೆ, ಆಮೇಲೆ ಬರೀ ಹೆಬ್ಬೆಟ್ಟಿನ ಎಮೋಜಿ. ಹೆಬ್ಬೆಟ್ಟು, ಹೆಬ್ಬೆಟ್ಟು. "ಪ್ರತಿ ಸಲ ಅದನ್ನ ಒತ್ತಿದಾಗ್ಲೂ ಹೊಟ್ಟೆಲಿ ಏನೋ ಆಗುತ್ತೆ ಆಂಟಿ" ಅಂದ. ಹೋದ ಶುಕ್ರವಾರ 32 ಯಾರ್ಡಿಂದ ಒದ್ದಿದ್ದು ಗುರಿ ತಪ್ಪಿತ್ತು, ನಿದ್ದೆಗಣ್ಣಲ್ಲೂ ಒದೆಯೋ ದೂರ ಅದು. ನನಗೆ ಇಲ್ಲೇ ಕೇಸು ಅರ್ಥ ಆಗಿದ್ದು. ಮಾತು ತಪ್ಪೋದು ಇವನನ್ನ ತಿಂತಿರಲಿಲ್ಲ, ತಪ್ಪೋ ಯೋಚನೆ ಇಟ್ಕೊಂಡು ಹೂಂ ಹೂಂ ಅಂತಿರೋದು ತಿಂತಿತ್ತು.

ಕೊಟ್ಟ ಸಲಹೆ ಹೀಗಿತ್ತು. ಇವತ್ತಿಂದ ಹೆಬ್ಬೆಟ್ಟು ಬಂದ್, ತೀರ್ಮಾನ ಆಗೋವರೆಗೂ ಉತ್ತರ ಕೊಡ್ದಿದ್ರೆ ಪರ್ವಾಗಿಲ್ಲ ಆದ್ರೆ ಸುಳ್ಳು ಉತ್ತರ ಬೇಡ. ತೀರ್ಮಾನಕ್ಕೆ ನವೆಂಬರ್ 16ರ ಭಾನುವಾರ ಗಡುವು, ಯಾಕಂದ್ರೆ ಆ ಕೋಚ್‌ಗೂ ಇನ್ನೊಬ್ಬ ಕಿಕ್ಕರ್ ಹುಡುಕೋಕೆ ಎರಡು ವಾರ ಬೇಕಲ್ವಾ. ದೊಡ್ಡ ಕಾಲೇಜಿಗೆ ನೀನೇ ಫೋನ್ ಮಾಡಿ ಕೇಳು, ಅಪ್ಪ ಅಲ್ಲ: ನಿಮ್ಮ ಹತ್ರ ಎಷ್ಟು ಜನ ಕಿಕ್ಕರ್ ಇದಾರೆ, ನಾನು 105ರ ಒಳಗಾ ಹೊರಗಾ, ಅಡ್ಮಿಷನ್ ಗ್ಯಾರಂಟಿನಾ. ಆಮೇಲೆ ಮನೆಪಾಠ ಅಂತ ಒಂದು ಪ್ರಶ್ನೆ, ನಾಳೆ ಕಾಲು ಮುರೀತು, ಇನ್ನು ಆಟ ಇಲ್ಲ ಅಂದ್ರೆ ಯಾವ ಕಾಲೇಜಲ್ಲಿ ಇರ್ತೀಯ.

ಉತ್ತರಗಳೇನು ಅಷ್ಟು ಖುಷಿ ಪಡೋ ಥರ ಇರಲಿಲ್ಲ. ಮೂರು ಜನ ಕಿಕ್ಕರ್ ಇದಾರೆ, ಒಬ್ಬ ಈ ವರ್ಷ ಮುಗಿಸ್ತಾನೆ, ಮೊದಲ ವರ್ಷ 105ರಲ್ಲಿ ಜಾಗ ಇದೆ, ಮುಂದಿಂದು ನೋಡೋಣ. ನನ್ನ ಕೇಳಿದ್ರೆ ಚಿಕ್ಕ ಕಾಲೇಜೇ ವಾಸಿ ಅನ್ನಿಸ್ತು, ಆದ್ರೆ ಆಯ್ಕೆ ನಂದಲ್ಲ, ಬಾಯಿ ಮುಚ್ಕೊಂಡಿದ್ದೆ. ಕಾಲು ಮುರಿದ ಪ್ರಶ್ನೆಗೆ ಮಾತ್ರ ಹುಡುಗ ತಟ್ಟನೆ ದೊಡ್ಡದು ಅಂದ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಅಲ್ಲಿದೆ, ಚಿಕ್ಕದರಲ್ಲಿ ಆ ಕೋರ್ಸೇ ಇಲ್ಲ, ಜೂನ್‌ನಲ್ಲಿ ಖುಷಿಗೆ ಅದನ್ನ ಯೋಚ್ನೇನೇ ಮಾಡಿರಲಿಲ್ಲ, ಈಗ ಹೇಳಿದ್ರೆ ನೆಪ ಅಂತಾರೆ ಅಂತ ಸುಮ್ನಿದ್ದ.

ಅಪ್ಪ ಅಮ್ಮನ ಜೊತೆ ಬೇರೆ ಕೂತೆ. ಅಪ್ಪ ಕೆಟ್ಟವರಲ್ಲ, ಹಾಸನದ ಅಣ್ಣನಿಗೆ ಏನು ಹೇಳೋದು ಅನ್ನೋದೇ ಅವರ ಅರ್ಧ ಸಂಕಟ, ಅದು ಅವರ ಬಾಯಿಂದ ಬರೋಕೆ ನಲವತ್ತು ನಿಮಿಷ ಹಿಡೀತು. ಅದಕ್ಕೂ ಮುಂಚೆ ಕೊಟ್ಟ ಮಾತು, ಮಾನ ಮರ್ಯಾದೆ, ಹರಿಶ್ಚಂದ್ರ ಎಲ್ಲಾ ಬಂದು ಹೋದ್ರು. ಮಧ್ಯದಲ್ಲಿ ಆಯಮ್ಮ ಮೆತ್ತಗೆ "ಏನ್ರಿ, ನಮ್ಮ ನಿಶ್ಚಿತಾರ್ಥ ಆದ ವರ್ಷ ಬೆಂಗಳೂರಲ್ಲಿ ಮೂರು ಆಫರ್ ಲೆಟರ್ ಇಟ್ಕೊಂಡಿದ್ರಲ್ಲ, ಸೋಮವಾರ ಜಾಯಿನ್ ಆಗ್ತೀನಿ ಅಂತ ಹೇಳಿ ಫೋನ್ ಸ್ವಿಚ್ ಆಫ್ ಮಾಡಿದ್ದು ಯಾರು?" ಅಂದ್ರು. "ಅದು ಬೇರೆ ಕಣೇ, ಅದು ಕಂಪನಿ" ಅಂದ್ರು ಅವರು. ಆಮೇಲೆ ತುಂಬಾ ಹೊತ್ತು ಸುಮ್ನಿದ್ದು "ಆ ಎಚ್‌ಆರ್ ಹುಡುಗಿ ಹನ್ನೊಂದು ಸಲ ಮಾಡಿದ್ಲು" ಅಂದ್ರು. ಇಪ್ಪತ್ತು ವರ್ಷ ಆದ್ಮೇಲೂ ಲೆಕ್ಕ ಮರೆತಿಲ್ಲ! ನಾನು ಅದನ್ನೇ ಹಿಡ್ಕೊಂಡೆ, ನೀವು ಆವತ್ತು ಫೋನ್ ಎತ್ತಲಿಲ್ಲ, ನಿಮ್ಮ ಮಗ ಎತ್ತೋ ಹಾಗೆ ಮಾಡೋಣ, ಆ ಕಾಲ್ ಮಾಡೋ ದಿನ ಮನೇಲಿರಿ, ಆದ್ರೆ ಪಕ್ಕದಲ್ಲಿ ನಿಂತ್ಕೋಬೇಡಿ, ಆದ್ಮೇಲೆ ಏನಂದ್ರು ಅಂತ ನೇರವಾಗಿ ಅವನನ್ನೇ ಕೇಳಿ, ಇವರ ಮೂಲಕ ಅಲ್ಲ.

ಕೋಚ್‌ಗೆ ಹೇಳೋದನ್ನ ಹುಡುಗ ಮೂರೇ ಸಾಲಲ್ಲಿ ಬರ್ಕೊಂಡ. ನಾನು ಬರಲ್ಲ, ಕಾರಣ ಇಂಜಿನಿಯರಿಂಗ್, ಎರಡು ವಾರದಿಂದ ಹೇಳದೇ ಇದ್ದಿದ್ದು ತಪ್ಪಾಯ್ತು. ನಾಲ್ಕನೇ ಸಾಲು ನಾನು ಹೊಡೆದುಹಾಕಿಸಿದೆ, ಅದರಲ್ಲಿ ಕಾಲೇಜನ್ನ ಹೊಗಳಿದ್ದ, ಆ ಹೊತ್ತಲ್ಲಿ ಹೊಗಳಿಕೆ ಯಾರಿಗೆ ಬೇಕು. ಇನ್‌ಸ್ಟಾಗ್ರಾಮಲ್ಲಿ ಏನೂ ಹಾಕ್ಬೇಡ, ಆ ಕೋಚ್‌ಗೆ ಫೋನ್ ಆಗಿ ಒಂದು ದಿನ ಕಳೀಲಿ ಅಂದೆ.

ಭಾನುವಾರ ಮಧ್ಯಾಹ್ನ ಗ್ಯಾರೇಜಲ್ಲಿ ನಿಂತಿದ್ದ ಕಾರಲ್ಲಿ ಕೂತು ಫೋನ್ ಮಾಡಿದ, ನಾಲ್ಕು ನಿಮಿಷ. ಕೋಚ್ ಬೈಲಿಲ್ವಂತೆ. ಸ್ವಲ್ಪ ಹೊತ್ತು ಏನೂ ಮಾತಾಡದೇ ಇದ್ದು, ಈ ವಾರ ನೀನು ಮೂರನೆಯವನು, ಫೋನ್ ಮಾಡಿದವನು ನೀನೊಬ್ಬನೇ, ಉಳಿದವರದ್ದು ಇಂಟರ್ನೆಟ್ಟಲ್ಲಿ ನೋಡಿ ತಿಳ್ಕೊಂಡೆ ಅಂದ್ರಂತೆ. ಹುಡುಗ ಕ್ಯಾಂಪಲ್ಲಿ ಪರಿಚಯ ಆದ ಇನ್ನೊಬ್ಬ ಕಿಕ್ಕರ್ ಹೆಸರು ಹೇಳಿದ, ಆಗಲೇ ಗೊತ್ತು, ಅವನೂ ಬೇರೆ ಕಡೆ ಕಮಿಟ್ ಆಗಿದಾನೆ ಅಂತ ಫೋನ್ ಇಟ್ರು. ಇವನು ಕಾರಿಂದ ಇಳಿದಾಗ ಅಪ್ಪ ಗ್ಯಾರೇಜ್ ಬಾಗಿಲಲ್ಲಿ ನಿಂತಿದ್ರಂತೆ, "ಏನಂದ್ರೋ?" ಇಪ್ಪತ್ತು ದಿನದ ಮೇಲೆ ಬಂದ ಮೊದಲ ಮಾತು.

ಡಿಸೆಂಬರ್‌ನಲ್ಲಿ ಒಂದು ಸಲ ಫಾಲೋಅಪ್ ಕಾಲ್ ಮಾಡಿದ್ದೆ. ಹಾಸನಕ್ಕೆ ಇನ್ನೂ ಪೂರ್ತಿ ಹೇಳಿಲ್ಲ, ಮೆಕ್ಯಾನಿಕಲ್ ಸಿಕ್ತು ಅಂತಷ್ಟೇ ಹೇಳಿದಾರೆ, ದೊಡ್ಡಪ್ಪ ಅದಕ್ಕೇ ಜಾಸ್ತಿ ಖುಷಿಯಾಗಿದಾರೆ. ಮೂರು ಹುಡೀಲಿ ಮಗ ತನ್ನದನ್ನ ಮಡಚಿ ಒಳಗಿಟ್ಟಿದಾನೆ, ಅಮ್ಮಂದು ಡೊನೇಷನ್ ಬ್ಯಾಗಲ್ಲಿ ಹೋಯ್ತು. ಅಪ್ಪ ಮಾತ್ರ ಬೆಳಿಗ್ಗೆ ವಾಕಿಂಗ್‌ಗೆ ಈಗಲೂ ಅದನ್ನೇ ಹಾಕ್ಕೊಂಡು ಹೋಗ್ತಾರೆ, ಕೇಳಿದ್ರೆ ಚಳಿಗೆ ಚೆನ್ನಾಗಿದೆ ಅಂತಾರಂತೆ.