ವೈರು ನಾವೇ ಜೋಡಿಸಬೇಕಿತ್ತು

ಪ್ರಶ್ನೆ: ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಬಿಎಸ್‌ಸಿ ಓದುವ ಆಸೆ. ಅಪ್ಪ ಮೈಸೂರಿನ ಮಹಿಳಾ ಕಾಲೇಜಿಗೆ ಮಾತ್ರ ಕಳಿಸ್ತೀನಿ ಅಂತಾರೆ. 'ಅಲ್ಲಿ ಓದಿದ್ರೆ ಗಂಡಸರ ಎದುರು ಮಾತೇ ಬರಲ್ಲ, ಮುಂದೆ ಕೆಲಸದಲ್ಲಿ ಕಷ್ಟ' ಅಂತ ಗೆಳತಿಯರು ಹೆದರಿಸುತ್ತಿದ್ದಾರೆ. ಏನು ಮಾಡಲಿ?
– ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ನನ್ನ ಮಗಳ ವಯಸ್ಸು ನಿನ್ನದು, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ನಮ್ಮೂರ ಪಿಯು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ನಾಲ್ಕು ಜನಕ್ಕೆ ಒಂದು ಸೆಟ್. ಹುಡುಗರು ವೈರು ಜೋಡಿಸುತ್ತಿದ್ದರು, ನಾವು ರೀಡಿಂಗ್ ಬರೆಯುತ್ತಿದ್ದೆವು. ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಸುಮ್ನೆ ಹಾಗೇ ನಡೆಯುತ್ತಿತ್ತು. ಆಮೇಲೆ ಮಹಿಳಾ ಕಾಲೇಜಿಗೆ ಸೇರಿದೆ. ಮೊದಲ ವಾರವೇ ಮೀಟರ್ ಬ್ರಿಡ್ಜ್ ಪ್ರಯೋಗ, ಅಂದರೆ ಒಂದು ಮೀಟರ್ ಉದ್ದದ ತಂತಿ ಬಳಸಿ ರೆಸಿಸ್ಟೆನ್ಸ್ ಅಳೆಯುವುದು. ಒಂದು ತುದಿಯಲ್ಲಿ ಮುಟ್ಟಿಸಿದರೆ ಕರೆಂಟ್ ತೋರಿಸುವ ಗ್ಯಾಲ್ವನೋಮೀಟರಿನ ಮುಳ್ಳು ಒಂದು ಕಡೆ, ಇನ್ನೊಂದು ತುದಿಯಲ್ಲಿ ಮುಟ್ಟಿಸಿದರೆ ಇನ್ನೊಂದು ಕಡೆ ಓಡಬೇಕು. ನಮ್ಮದು ಎರಡೂ ಸಲ ಒಂದೇ ಕಡೆ ಓಡುತ್ತಿತ್ತು. ಅಂದರೆ ಜೋಡಣೆ ತಪ್ಪಿದೆ. ನಾನೂ ನನ್ನ ಜೊತೆಯವಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಂದು ಸರಿಮಾಡೋಕೆ ಯಾವ ಹುಡುಗನೂ ಇರಲಿಲ್ಲ. ಮುಕ್ಕಾಲು ಗಂಟೆ ತಡಕಾಡಿ, ಸಡಿಲವಾಗಿದ್ದ ಒಂದು ತುದಿ ಹಿಡಿದೆವು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದೆವು. ಮುಳ್ಳು ಆ ಕಡೆ, ಈ ಕಡೆ ಸರಿಯಾಗಿ ಓಡಿತು. ಆ ಖುಷಿ ಈಗಲೂ ನೆನಪಿದೆ. ನಾನು ಮುಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಳತೆ ಉಪಕರಣಗಳ ತಪಾಸಣೆಗೆ ಸೇರಿದ್ದು ಆ ಮುಕ್ಕಾಲು ಗಂಟೆಯ ದೆಸೆಯಿಂದಲೇ.

ಬರೀ ಲ್ಯಾಬ್ ಅಲ್ಲ. ಕಾಲೇಜು ಡೇಗೆ ಬೆಂಚು ಹೊರುವವರು, ಮೈಕ್ ಸೆಟ್‌ನವನ ಹತ್ತಿರ ಬಾಡಿಗೆ ಚೌಕಾಸಿ ಮಾಡುವವರು, ಯೂನಿಯನ್ ಚುನಾವಣೆಗೆ ನಿಲ್ಲುವವರು ಎಲ್ಲ ನಾವೇ.

ನಿನ್ನ ಗೆಳತಿಯರ ಮಾತು ಪೂರ್ತಿ ಸುಳ್ಳೂ ಅಲ್ಲ. ಕಾರ್ಖಾನೆಯ ಮೊದಲ ಮೀಟಿಂಗಿನಲ್ಲಿ ಹನ್ನೊಂದು ಗಂಡಸರು, ನಾನೊಬ್ಬಳು. ಉತ್ತರ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಪಕ್ಕದವರು ಅದನ್ನೇ ಹೇಳಿ ಶಹಭಾಸ್ ಅನ್ನಿಸಿಕೊಂಡರು. ಆ ಅಳುಕು ಹೋಗೋಕೆ ಆರೇಳು ತಿಂಗಳು ಹಿಡಿಯಿತು. ಆದರೆ ಆಮೇಲೆ ಸೇರಿದ ಹುಡುಗಿಯರಲ್ಲಿ ಹುಡುಗರ ಜೊತೆಗೇ ಓದಿದವರೂ ಹಾಗೇ ಸುಮ್ಮನೆ ಕೂರುತ್ತಿದ್ದರು. ತಪ್ಪೆಲ್ಲ ಕಾಲೇಜಿನದೇ ಆಗಿದ್ದರೆ ಅವರು ಮಾತಾಡಬೇಕಿತ್ತು, ಅಲ್ವಾ?

ಅಪ್ಪನ ಮೇಲೆ ಸಿಟ್ಟಾಗಬೇಡ. ಮೈಸೂರಿನ ಮಹಾರಾಣಿ ಕಾಲೇಜಿನ ಮೂಲ 1881ರಲ್ಲಿ ಶುರುವಾದ ಹೆಣ್ಣುಮಕ್ಕಳ ಶಾಲೆ. ಮಂಗಳೂರಿನ ಸಂತ ಆಗ್ನೆಸ್ ಕಾಲೇಜು ಶುರುವಾಗಿದ್ದು 1921ರಲ್ಲಿ. ಹುಡುಗರ ಜೊತೆ ಕೂರಿಸೋಕೆ ಒಪ್ಪದ ಎಷ್ಟೋ ಅಪ್ಪಂದಿರು ಇಂಥ ಕಡೆ ಕಳಿಸೋಕೆ ಒಪ್ಪಿದರು. ಅವರ ಭಯದಿಂದಲೇ ಎಷ್ಟೋ ಅಜ್ಜಿಯರಿಗೆ ಡಿಗ್ರಿ ಸಿಕ್ಕಿತು.

ಆದರೆ ಕಣ್ಣುಮುಚ್ಚಿ ಸೇರಬೇಡ. ಅಪ್ಪನನ್ನೇ ಕರೆದುಕೊಂಡು ರೈಲು ಹತ್ತು. ಪ್ರಾಸ್ಪೆಕ್ಟಸ್ ಬಿಡು, ಲ್ಯಾಬ್ ನೋಡು. ಒಂದು ಸೆಟ್‌ಗೆ ಎಷ್ಟು ಜನ, ಲೈಬ್ರರಿ ಎಷ್ಟು ಹೊತ್ತಿನ ತನಕ ತೆಗೆದಿರುತ್ತೆ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಅಂತ ಫೈನಲ್ ಇಯರ್ ಹುಡುಗಿಯರನ್ನೇ ಕೇಳು. ಪ್ರಯೋಗ ಮಾಡಿಸದೆ ಬರೀ ರೆಕಾರ್ಡ್ ಬರೆಸುವ ಕಾಲೇಜಾದರೆ ಬೇಡವೇ ಬೇಡ, ಬೇರೆ ನೋಡು. ವಾಪಸ್ ಬರುವಾಗ ರೈಲಿನಲ್ಲೇ ಅಪ್ಪನ ಹತ್ತಿರ ಇನ್ನೊಂದು ಮಾತು ತೆಗೆ: 'ಕಾಲೇಜು ನೀವು ಹೇಳಿದ್ದು ಅಪ್ಪಾ, ಆದರೆ ಆಮೇಲೆ ಎಂಎಸ್‌ಸಿನೋ ಕೆಲಸನೋ, ಎಲ್ಲಿ ಅನ್ನೋದು ನಾನು ಹೇಳಿದ್ದು.'