ವಿಪಲ್ ಆಪರೇಷನ್ ಆದಮೇಲೆ ತೊಂದರೆ ಆಗದಂತೆ ಮನೆಯವರು ಏನು ಮಾಡಬಹುದು?

ತಂದೆಗೆ ವಿಪಲ್ ಆಪರೇಷನ್ (ಪ್ಯಾಂಕ್ರಿಯಾಸ್ ಅಂದರೆ ಮೇದೋಜ್ಜೀರಕ ಗ್ರಂಥಿಯ ತಲೆಭಾಗ ತೆಗೆದು, ಉಳಿದದ್ದನ್ನು ಕರುಳಿಗೆ ಹೊಲಿಯುವ ಆಪರೇಷನ್) ಇದೆ, ಪ್ಯಾಂಕ್ರಿಯಾಸ್ ರಸ ಸೋರಬಹುದು ಅಂತ ಡಾಕ್ಟರ್ ಹೇಳಿದ್ದಾರೆ, ಅದನ್ನು ತಡೆಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಸರ್ಜರಿ ವಾರ್ಡಿನಲ್ಲಿ ನರ್ಸ್. ನೇರವಾಗಿ ಹೇಳ್ತೀನಿ, ಸೋರಿಕೆ ತಡೆಯುವುದು ನಿಮ್ಮ ಕೈಯಲ್ಲಿಲ್ಲ. ಗ್ರಂಥಿ ಮೆತ್ತಗಿದ್ದು ಒಳಗಿನ ನಾಳ ಸಣ್ಣದಿದ್ದರೆ ಎಂಥ ಸರ್ಜನ್ ಹೊಲಿದರೂ ಸೋರುವ ಸಾಧ್ಯತೆ ಜಾಸ್ತಿ. ಸೋರಿದ್ದನ್ನು ಬೇಗ ಹಿಡಿಯುವುದರಲ್ಲಿ, ಅದರ ಜೊತೆಗೆ ಇನ್ನೊಂದು ತೊಂದರೆ ಸೇರದಂತೆ ನೋಡಿಕೊಳ್ಳುವುದರಲ್ಲಿ ಮಾತ್ರ ನಿಮ್ಮ ಪಾಲು ದೊಡ್ಡದು.

ಇನ್ನೂ ಆಸ್ಪತ್ರೆ ನಿಗದಿ ಆಗಿಲ್ಲದಿದ್ದರೆ, ಈ ಆಪರೇಷನ್ ಮೇಲಿಂದ ಮೇಲೆ ನಡೆಯುವ ಕಡೆಗೇ ಹೋಗಿ. ಸಿಗರೇಟ್ ಇದ್ದರೆ ಇವತ್ತೇ ನಿಲ್ಲಿಸಿ. ದಿನಾ ನಡೆಸಿ. ಉಸಿರಿನ ವ್ಯಾಯಾಮಕ್ಕೆ ಕೊಡುವ ಚೆಂಡಿನ ಸ್ಪೈರೋಮೀಟರನ್ನು ಈಗಲೇ ಅಭ್ಯಾಸ ಮಾಡಿಸಿ. ಹೊಟ್ಟೆಗೆ ಹೊಲಿಗೆ ಬಿದ್ದಮೇಲೆ ಹೊಸದಾಗಿ ಕಲಿಯೋದು ಕಷ್ಟ.

ಆಪರೇಷನ್ ಆದಮೇಲೆ ನಿಮ್ಮ ಕಣ್ಣು ಇರಬೇಕಾದದ್ದು ಡ್ರೈನ್ ಮೇಲೆ, ಅಂದರೆ ಹೊಟ್ಟೆಯೊಳಗಿನ ನೀರು ಹೊರಬರಲು ಇಟ್ಟ ಟ್ಯೂಬ್ ಮೇಲೆ. ಮೊದಲು ಕೆಂಪು ಬೆರೆತ ನೀರಿನಂತೆ ಬರುತ್ತದೆ, ದಿನ ಕಳೆದಂತೆ ತಿಳಿಯಾಗಬೇಕು. ಮೂರನೇ ದಿನದ ಹೊತ್ತಿಗೆ ಆ ನೀರಿನಲ್ಲಿ ಅಮೈಲೇಸ್ (ಪ್ಯಾಂಕ್ರಿಯಾಸ್ ರಸದಲ್ಲಿರುವ ಒಂದು ಎಂಜೈಮ್) ಎಷ್ಟಿದೆ ಅಂತ ಪರೀಕ್ಷೆ ಮಾಡುತ್ತಾರೆ. ರಕ್ತದಲ್ಲಿ ಇರಬಹುದಾದ ಗರಿಷ್ಠ ಮಟ್ಟದ 3 ಪಟ್ಟಿಗಿಂತ ಜಾಸ್ತಿ ಇದ್ದರೆ ರಸ ಸೋರುತ್ತಿದೆ ಎಂದರ್ಥ. ಹೆದರಬೇಡಿ, ಎಷ್ಟೋ ಜನರಲ್ಲಿ ಡ್ರೈನ್ ಸ್ವಲ್ಪ ದಿನ ಹೆಚ್ಚು ಇಟ್ಟರೆ ತಾನಾಗಿಯೇ ನಿಲ್ಲುತ್ತದೆ. ಟ್ಯೂಬ್ ಮಡಚಿಕೊಂಡಿಲ್ಲವಾ, ಮೈ ಕೆಳಗೆ ಸಿಕ್ಕಿಲ್ಲವಾ ಅಂತ ಮಗ್ಗುಲು ಬದಲಿಸಿದಾಗಲೆಲ್ಲ ನೋಡಿ. ಹೊರಬರದ ರಸ ಒಳಗೆ ನಿಂತು ಕೀವಾಗುತ್ತದೆ.

ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದು. ತಿಳಿಯಾಗಿದ್ದ ಡ್ರೈನ್‌ನಲ್ಲಿ ನಾಲ್ಕೈದು ದಿನದ ಮೇಲೆ ಒಮ್ಮೆ ಚೂರು ಕೆಂಪು ರಕ್ತ ಬಂದು ನಿಂತರೂ ತಕ್ಷಣ ಹೇಳಿ. "ನಿಂತೋಯ್ತಲ್ಲ, ಬಿಡಿ" ಅನ್ನಬೇಡಿ. ಸೋರಿದ ರಸ ರಕ್ತನಾಳವನ್ನು ಕೊರೆಯುತ್ತಿರಬಹುದು. ದೊಡ್ಡ ರಕ್ತಸ್ರಾವಕ್ಕೆ ಮೊದಲು ಹೀಗೆ ಸ್ವಲ್ಪ ಬರುವುದುಂಟು. ಆಗಲೇ ಸ್ಕ್ಯಾನ್ ಮಾಡಿದರೆ ಸಮಯ ಸಿಗುತ್ತದೆ.

ನೋವನ್ನು ತಡೆದುಕೊಂಡು ಸುಮ್ನೆ ಮಲಗೋದು ಧೈರ್ಯ ಅಲ್ಲ. ನೋವಿದ್ದರೆ ಕೆಮ್ಮೋಕಾಗಲ್ಲ, ಕೆಮ್ಮದಿದ್ದರೆ ಕಫ ಕಟ್ಟಿ ನ್ಯುಮೋನಿಯಾ. ನೋವಿನ ಔಷಧಿ ಕೇಳಿ ಹಾಕಿಸಿಕೊಳ್ಳಿ, ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿಸಿ. ಡಾಕ್ಟರ್ ಒಪ್ಪಿದ ದಿನದಿಂದಲೇ ಎಬ್ಬಿಸಿ ನಡೆಸಿ. ಕ್ಯಾನ್ಸರ್‌ಗೆ ಆಪರೇಷನ್ ಆಗಿದ್ದರೆ ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ ಸುಮಾರು 4 ವಾರ ಕೊಡುವುದುಂಟು. ಮನೆಗೆ ಬಂದೆವಲ್ಲ ಅಂತ ಬಿಡಬೇಡಿ.

ಊಟಕ್ಕೆ ಮಾತ್ರ ಒತ್ತಾಯ ಬೇಡ. ಹೊಟ್ಟೆ ಕೆಲಸ ಶುರು ಮಾಡೋಕೆ ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ, ತುರುಕಿದರೆ ವಾಂತಿ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಮಲ ಜಿಡ್ಡಾಗಿ ತೇಲುತ್ತಿದ್ದು ತೂಕ ಇಳಿಯುತ್ತಿದ್ದರೆ ಊಟ ಜೀರ್ಣಿಸುವ ಎಂಜೈಮ್ ಸಾಲುತ್ತಿಲ್ಲ. ಡಾಕ್ಟರ್ ಕೊಡುವ ಎಂಜೈಮ್ ಕ್ಯಾಪ್ಸೂಲನ್ನು ಊಟವಾದಮೇಲೆ ನುಂಗುವವರೇ ಜಾಸ್ತಿ. ಮೊದಲ ತುತ್ತಿನ ಜೊತೆಗೇ ಹೋಗಬೇಕು. ಶುಗರ್ ಕೂಡ ಹೊಸದಾಗಿ ಬರಬಹುದು, ಪರೀಕ್ಷೆ ತಪ್ಪಿಸಬೇಡಿ.

ಮನೆಯಲ್ಲಿ ಚಳಿಜ್ವರ, ಕಣ್ಣು ಹಳದಿ, ನಿಲ್ಲದ ವಾಂತಿ, ಕಪ್ಪು ಮಲ, ಇವುಗಳಲ್ಲಿ ಯಾವುದು ಬಂದರೂ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಆಪರೇಷನ್ ಮಾಡಿದ ವಾರ್ಡಿಗೇ ಫೋನ್ ಮಾಡಿ. ಡಿಸ್ಚಾರ್ಜ್ ದಿನವೇ ಆ ನಂಬರ್ ಕೇಳಿ ಇಟ್ಟುಕೊಳ್ಳಿ.