ಮಹಾರಾಜರ ಮುಖ ಬೂದಿ ಬಡಿದಂತಾಗಿದೆ, ಏನು ಮಾಡಲಿ?

ಪ್ರಶ್ನೆ: ಗುರುಗಳೇ, ರಾಜಾ ರವಿವರ್ಮರು ಬರೆದ ಮೈಸೂರಿನ ಚಾಮರಾಜೇಂದ್ರ ಒಡೆಯರ ಭಾವಚಿತ್ರವನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡುತ್ತಿದ್ದೇನೆ. ಮೊಬೈಲ್ ನೋಡಿಕೊಂಡು ಎರಡು ತಿಂಗಳಿಂದ ಕೂತಿದ್ದೇನೆ. ಪೇಟ, ಹಾರ, ಜರಿ ಚೆನ್ನಾಗಿ ಬಂದಿವೆ. ಮುಖ ನೋಡಿ ಅವ್ವ, ‘ಮಾರಿಗೆ ಬೂದಿ ಬಡದಂಗ ಐತಲ್ಲ’ ಅಂದಳು. ನಕಲು ಮಾಡೋದು ಕಲೆಯೇ ಅಲ್ಲ ಅಂತಾರೆ ಗೆಳತಿಯರು. ಬಿಟ್ಟುಬಿಡಲೇ? ಫೋಟೊ ಕಳಿಸಿದ್ದೇನೆ.
– ಓದುಗರು, ಲಿಂಗಸುಗೂರು

ಉತ್ತರ: ಬಿಡಬೇಡಿ ತಂಗಿ. ನಿಮ್ಮ ಅವ್ವನ ಕಣ್ಣು ದೊಡ್ಡದು, ಅವರು ಹೇಳಿದ್ದೇ ಸರಿ. ನೆರಳಿಗೆಲ್ಲ ಕಪ್ಪು, ಬೆಳಕಿಗೆಲ್ಲ ಬಿಳಿ ಬೆರೆಸಿದ್ದೀರಿ. ಅವೆರಡೂ ಕೆನ್ನೆಯ ಮೇಲೆ ಕೂಡಿದರೆ ಬೂದಿಯೇ ಆಗುತ್ತದೆ. ಹಾರದ ಒಂದೊಂದು ಮುತ್ತನ್ನೂ ಶ್ರದ್ಧೆಯಿಂದ ಬರೆದಿದ್ದೀರಿ, ಆದರೆ ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ಆ ಮುಖ ಹೇಳುತ್ತಿಲ್ಲ.

ದೊಡ್ಡ ಕ್ಯಾನ್ವಾಸನ್ನು ಸದ್ಯ ಗೋಡೆಗೆ ತಿರುಗಿಸಿಡಿ. ಚಿಕ್ಕದೊಂದು ಕ್ಯಾನ್ವಾಸ್ ಬೋರ್ಡ್ ತಂದು ಮುಖವೊಂದನ್ನೇ ಬರೆಯಿರಿ. ಮೊಬೈಲ್ ಬೇಡ, ಅದರ ಬೆಳಕು ಗಳಿಗೆಗೊಂದು ಥರ. ಮೂಲಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆಸಿ, ಚೌಕ ಹಾಕಿ ಇಳಿಸಿಕೊಳ್ಳಿ. ಬಳ್ಳಾರಿಯ ಬ್ಯಾನರ್ ಪೇಂಟರುಗಳು ಆಳೆತ್ತರದ ಮುಖಗಳನ್ನು ಹೀಗೇ ಚೌಕ ಹಾಕಿ ಎಬ್ಬಿಸುತ್ತಿದ್ದರು, ನಾನು ಕಲಿತದ್ದೂ ಅವರ ಪಕ್ಕ ನಿಂತೇ. ಆಮೇಲೆ ಬರ್ನ್ಟ್ ಅಂಬರ್ ಎಂಬ ಕಡುಕಂದು ಬಣ್ಣ ಒಂದನ್ನೇ ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಇಡೀ ಮುಖಕ್ಕೆ ಹಚ್ಚಿ, ಹಸಿ ಇರುವಾಗಲೇ ಹಣೆ, ಮೂಗಿನ ದಿಂಡು, ಕೆನ್ನೆಯ ಮೇಲಿನ ಬೆಳಕನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಕಣ್ಣು ಕಿರಿದು ಮಾಡಿ ನೋಡಿ. ಆಗ ಮೀಸೆ, ರೆಪ್ಪೆ ಎಲ್ಲ ಕರಗಿ ಬೆಳಕು-ನೆರಳು ಮಾತ್ರ ಉಳಿಯುತ್ತದೆ. ಇಷ್ಟರಲ್ಲೇ ಒಡೆಯರ ಗುರುತು ಸಿಗಬೇಕು. ಸಿಗದಿದ್ದರೆ ಬಣ್ಣಕ್ಕೆ ಹೋಗಬೇಡಿ, ಒರೆಸಿ ಮತ್ತೆ ಬರೆಯಿರಿ.

ಅದು ಒಣಗಿದ ಮೇಲೆ ಯೆಲ್ಲೊ ಓಕರ್ (ಮಣ್ಣುಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಟೈಟೇನಿಯಂ ವೈಟ್ (ಬಿಳಿ) ಹಚ್ಚಿ. ನೆರಳಿಗೆ ಅಂಬರಿನ ಜೊತೆ ಚೂರೇ ಚೂರು ಅಲ್ಟ್ರಾಮರೀನ್ ನೀಲಿ. ಮುಖ ಮುಗಿಯುವವರೆಗೆ ಕಪ್ಪು ಟ್ಯೂಬಿನ ಮುಚ್ಚಳ ತೆಗೆಯಬೇಡಿ. ಜರಿಗೂ ಚಿನ್ನದ ಪೇಂಟ್ ಬೇಡ, ಓಕರ್ ಮತ್ತು ಅಂಬರಿನ ಮೇಲೆ ತೆಳು ಹಳದಿಯ ನಾಲ್ಕು ಚುಕ್ಕೆ ಸಾಕು.

ಎಣ್ಣೆಯ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಸಿರುಗುಪ್ಪದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಗಾಣದ ಅಗಸೆ ಎಣ್ಣೆಯನ್ನೇ ಕೆಳಗಿನ ಪದರಕ್ಕೆ ಧಾರಾಳವಾಗಿ ಬೆರೆಸಿ, ಮೇಲೆ ತೆಳ್ಳಗೆ ಬರೆದೆ. ಮರುವರ್ಷದ ಬೇಸಿಗೆಗೆ ನಾನು ಬರೆದ ರಾಜರ ಕೆನ್ನೆ ಕೆರೆಯಂಗಳದಂತೆ ಬಿರುಕು ಬಿಟ್ಟಿತು. ಅಡುಗೆಮನೆಯ ಎಣ್ಣೆ ಚಟ್ನಿಪುಡಿಗಿರಲಿ, ಚಿತ್ರಕ್ಕೆ ಕಲಾಸಾಮಗ್ರಿ ಅಂಗಡಿಯ ಶುದ್ಧ ಲಿನ್ಸೀಡ್, ಅಂದರೆ ಚಿತ್ರಕ್ಕೆಂದೇ ಶುದ್ಧ ಮಾಡಿದ ಅಗಸೆ ಎಣ್ಣೆ ತನ್ನಿ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ನಮ್ಮ ರಾಯಚೂರಿನ ಬಿಸಿಲಿಗೆ ಮೇಲೆ ಬೇಗ ಕೆನೆಗಟ್ಟುತ್ತದೆ, ಒಣಗಿತು ಅಂತ ಮೋಸ ಹೋಗಬೇಡಿ. ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ: ಲಿನ್ಸೀಡ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ, ಮನೆಯ ಹೊರಗೆ, ನೆರಳಲ್ಲಿ ಒಣಹಾಕಿ.

ಗೆಳತಿಯರಿಗೆ ಹೇಳಿ: ರೂಬೆನ್ಸ್ 1628ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಐವತ್ತೊಂದು ವರ್ಷದ ಹೆಸರಾಂತ ಕಲಾವಿದ. ಆದರೂ ಸ್ಪೇನ್ ಅರಸರ ಸಂಗ್ರಹದಲ್ಲಿದ್ದ, ತನಗಿಂತ ಹಿಂದಿನ ಇಟಲಿಯ ಕಲಾವಿದ ಟಿಶಿಯನ್ನನ ಚಿತ್ರಗಳ ಮುಂದೆ ಕೂತು ನಕಲು ಮಾಡಿದ. ನಿಮ್ಮ ರವಿವರ್ಮರಿಗೂ ಎಣ್ಣೆಬಣ್ಣವನ್ನು ಕೈಹಿಡಿದು ಕಲಿಸಿದವರಿಲ್ಲ. ತಿರುವಾಂಕೂರಿಗೆ ಬಂದಿದ್ದ ಯೂರೋಪಿನ ಚಿತ್ರಕಾರ ಥಿಯೊಡೋರ್ ಜೆನ್ಸನ್ ಬರೆಯುವುದನ್ನು ನೋಡಿ ನೋಡಿ ಹಿಡಿದರು. ನಕಲು ಅಂದರೆ ಅದೇ, ಇನ್ನೊಬ್ಬರ ಕೈ ಎಲ್ಲಿ ನಿಂತಿತು, ಎಲ್ಲಿ ಜಾರಿತು ಎಂದು ನಮ್ಮ ಕೈಯಿಂದ ತಿಳಿಯುವುದು. ಹಿಂಬದಿಯಲ್ಲಿ ‘ರವಿವರ್ಮರ ಚಿತ್ರದ ನಕಲು’ ಎಂದು ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ.

ಮುಖದ ಅಂಬರ್ ಪದರ ಆದ ಕೂಡಲೇ ಇನ್ನೊಂದು ಫೋಟೊ ಕಳಿಸಿ. ಟ್ಯೂಬ್‌ಲೈಟಿನ ಕೆಳಗೆ ಬೇಡ, ಬೆಳಿಗ್ಗೆ ಬಾಗಿಲ ಪಕ್ಕ ಇಟ್ಟು ತೆಗೆಯಿರಿ.